ಗೇಣುದ್ದದ ಕೈ

15 ಜೂನ್ 1986, ಭಾನುವಾರ
ಸಿಂಧನೂರು

ಇವತ್ತು ಕನಕಮ್ಮನನ್ನು ಅವಳ ತವರು ಮಸ್ಕಿಗೆ ಬಿಟ್ಟು ಬಂದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ರೂಢಿ. ರೂಢಿಯಲ್ಲಿಲ್ಲದ ಷರತ್ತೊಂದನ್ನು ಅವಳು ಬಸ್ಸಿನಲ್ಲಿ ಸೇರಿಸಿದಳು.

“ತೊಟ್ಟಿಲ ಕಾರ್ಯಕ್ಕ ನೀವು ಬಂದಾಗ ನಮ್ಮಪ್ಪ ತನ್ನ ಬಾಯಿಲೆ ನಿಮ್ಮನ್ನ ಮಾತಾಡಸ್ಬೇಕು. ಇಲ್ಲಾಂದ್ರ ನಾನೂ ಕೂಸೂ ಸಿಂಧನೂರಿಗೆ ಬರಂಗಿಲ್ಲ ನೋಡ್ರಿ.”

“ಅವರು ಮಾತಾಡ್ಲಿಲ್ಲಂದ್ರ ನಾ ಏನ್ ಮಾಡ್ಲಿ?”

“ಮಾತು ಬಿಡ್ಸಿದವರು ಯಾರು? ನೀವs. ಕಲಿಸೂದೂ ನಿಮ್ಮ ಕೆಲಸ. ಮಾಸ್ತರಿದ್ದೀರಿ.”

ಹಿಂದಿನದನ್ನು ನನಗೆ ನಾನೇ ವಿವರಿಸುವ ಅಗತ್ಯವಿಲ್ಲ. ಆದರೆ ಖಾಲಿ ಮನೆಯಲ್ಲಿ ಕೇಳುವವರು ಬೇರೆ ಯಾರೂ ಇಲ್ಲ. ಕನಕಳ ತಂದೆ ಬಾಲಪ್ಪನವರು ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ಸುತ್ತಲಿನ ಮದುವೆಗಳೆಲ್ಲ ಊರಿಗೆ ತಿಳಿಯುವುದು ಅವರ ಹಾರ್ನಿನ ಬಾಯಿಂದಲೇ. ಅಂಥವರ ಒಬ್ಬಳೇ ಮಗಳ ಮದುವೆಯಲ್ಲಿ ಮೈಕ್ ಕೂಡದೆಂದು ಹಟ ಹಿಡಿದ ಅಳಿಯ ನಾನು. ಆಗ ತಾನೇ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕನಾಗಿದ್ದೆ. ಮೈಯಲ್ಲಿ ರಕ್ತಕ್ಕಿಂತ ಆದರ್ಶವೇ ಹೆಚ್ಚು ಹರಿಯುತ್ತಿತ್ತು. ಸಿಂಧನೂರಿನಲ್ಲಿ ಸರಳ ವಿವಾಹ: ಎರಡು ಹಾರ, ಒಂದು ಹಿಡಿ ಅಕ್ಕಿಕಾಳು, ಚಹಾ, ಬಿಸ್ಕೀಟು, ಸರಳತೆಯನ್ನು ಕುರಿತು ಮುಗಿಯದ ಒಂದು ಭಾಷಣ. ಭಾಷಣ ನನ್ನದೇ. ಶಬ್ದದಿಂದ ಸಮಾಜ ಹೇಗೆ ಕೆಡುತ್ತದೆ ಎಂಬುದನ್ನು ಶಬ್ದಗಳಿಂದಲೇ ಸಾಬೀತು ಮಾಡಿದೆ. ಬಾಲಪ್ಪನವರು ಮೂಲೆಯ ಕುರ್ಚಿಯಲ್ಲಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮದುವೆ ಮನೆಯಲ್ಲಿ ಸುಮ್ಮನೆ ಕೂತು ಆ ಕೈಗಳಿಗೆ ಅಭ್ಯಾಸವಿರಲಿಲ್ಲ.

ಅವತ್ತಿನಿಂದ ನಾಲ್ಕು ವರ್ಷ, ನನ್ನೊಡನೆ ಒಂದು ಮಾತಿಲ್ಲ. ಊರಿಗೆಲ್ಲ ಮೈಕ್ ಬಾಲಪ್ಪ. ನನಗೆ ಮಾತ್ರ ಮೂಕ ಬಾಲಪ್ಪ. ಈ ದಿನಚರಿಯಲ್ಲಿ ಅವರನ್ನು ಗದ್ದಲಪ್ಪ ಎಂದು ಕರೆಯುತ್ತೇನೆ. ಇಷ್ಟಾದರೂ ಸ್ವಾತಂತ್ರ್ಯ ಬೇಡವೇ?

29 ಜೂನ್, ಭಾನುವಾರ

ಮಸ್ಕಿಗೆ ಹೋಗಿದ್ದೆ. ಗದ್ದಲಪ್ಪನವರ ಮನೆಯಲ್ಲಿ ಗದ್ದಲವೇ ಇರಲಿಲ್ಲ. ಮುಕ್ಕುಂದದ ಮದುವೆ ಮುಗಿಸಿ ಟ್ರ್ಯಾಕ್ಟರಿನಲ್ಲಿ ಬರುವಾಗ ಕಬ್ಬಿಣದ ಹಾರ್ನು ಉರುಳಿ ರೆಕಾರ್ಡ್ ಪ್ಲೇಯರಿನ ಮೇಲೆ ಬಿದ್ದಿದೆ. ಸೂಜಿಯನ್ನು ಹಿಡಿದುಕೊಂಡು ಹಾಡಿನ ಪ್ಲೇಟಿನ ಮೇಲೆ ಸಾಗುವ ಕೈ ಮುರಿದು ಮೂರು ತುಂಡಾಗಿದೆ. ಒಂದು ತುಂಡು ದಾರಿಯಲ್ಲೇ ಬಿದ್ದುಹೋಗಿದೆ. ಮೋಟಾರು ತಿರುಗುತ್ತದೆ, ಸೂಜಿಯ ತಲೆ ನೆಟ್ಟಗಿದೆ, ಕೈ ಒಂದೇ ಕೈಕೊಟ್ಟಿದೆ. ರಾಯಚೂರಿನಲ್ಲಿ ವಿಚಾರಿಸಿದರೆ ಅಂಗಡಿಯವರು ನಕ್ಕು ಟೇಪ್ ರೆಕಾರ್ಡರ್ ತೋರಿಸಿದರಂತೆ.

ನಾನು ಒಳಗೆ ಕಾಲಿಟ್ಟೊಡನೆ ಗದ್ದಲಪ್ಪ ಪಡಸಾಲೆಯ ಕಂಬದ ಕಡೆ ತಿರುಗಿದರು. ನಾನಿದ್ದಾಗ ಅವರ ಮಾತೆಲ್ಲ ಕಂಬದೊಡನೆ.

“ಚಹಾ ಕುಡಿತಾರೇನು ಕೇಳು,” ಎಂದು ಕಂಬಕ್ಕೆ ಹೇಳಿದರು.

“ಕುಡಿತೀನಿ ಅಂತ ಹೇಳು,” ಎಂದು ನಾನೂ ಕಂಬಕ್ಕೆ ಹೇಳಿದೆ.

ಅತ್ತೆ ಆದಮ್ಮ ಅಡುಗೆಮನೆಯಿಂದ, “ಆ ಕಂಬಕ್ಕೂ ಒಂದು ಕಪ್ ಹಾಕ್ಲೇನು? ನಿಮ್ಮಿಬ್ರ ಚಾಕರಿ ಮಾಡಿ ಹೈರಾಣಾಗೈತಿ ಪಾಪ,” ಎಂದರು.

“ಯಪ್ಪಾ, ಟೇಪ್ ತಗೊಂಡ್ ಬಿಡು. ಲಿಂಗಸುಗೂರಿನ ಹುಡುಗ್ರೆಲ್ಲ ಅದನ್ನs ಹಾಕಾಕತ್ಯಾರ,” ಎಂದಳು ಕನಕ.

“ಟೇಪಿನ್ಯಾಗ ಏನೈತವ್ವಾ? ಡಬ್ಬಿಯೊಳಗ ಬಾಗ್ಲಾ ಹಾಕ್ಕೊಂಡು ಕುಂತು ಹಾಡ್ತೈತಿ. ಪ್ಲೇಟ್ ಅಂದ್ರ ಮಂದಿಗೆ ಮುಖ ತೋರ್ಸಿ ಹಾಡ್ತೈತಿ.”

ಬಡಗಿಯನ್ನು ಕೇಳಿದ್ದಾರಂತೆ. ಬಂಡಿ, ಬಾಗಿಲು ಬಿಟ್ಟು ಇಂಥ ಪುಳ್ಳೆ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದನಂತೆ. ಕನಕ ನನ್ನ ಮುಖವನ್ನು ನೋಡಿದಳು. ಆ ನೋಟದಲ್ಲಿ ಬಸ್ಸಿನ ಷರತ್ತು ಪೂರ್ತಿ ಬರೆದಿತ್ತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

“ಕೈ ಅಂದ್ರೇನು, ಒಂದು ಕೋಲು. ಕಟ್ಟಿಗೀಲೆ ಮಾಡಿದ್ರಾತು. ನಾನs ಮಾಡಿಕೊಡ್ತೀನಿ ಅಂತ ಹೇಳು.”

ಕಂಬ ಏನೂ ಹೇಳಲಿಲ್ಲ. ಗದ್ದಲಪ್ಪ ಮಾತ್ರ ಕಂಬವನ್ನು ನೋಡಿ ನಕ್ಕರು.

6 ಜುಲೈ, ಭಾನುವಾರ

ಗರಗಸ, ಉಳಿ, ಮರಳು ಕಾಗದ ತಂದಿದ್ದೇನೆ. ಜೀವನದಲ್ಲಿ ಇದುವರೆಗೆ ಸೀಸದಕಡ್ಡಿಗಿಂತ ದಪ್ಪದ ಕಟ್ಟಿಗೆಯನ್ನು ಹೆರೆದವನಲ್ಲ.

ಮೊದಲ ಪ್ರಯೋಗ ಮಾವಿನ ಕಟ್ಟಿಗೆ. ಸುಲಭವಾಗಿ ಕೊಯ್ಯಬಹುದು, ನಯವಾಗಿ ಕೈಗೆ ಬರುತ್ತದೆ. ಎರಡು ದಿನ ಕಿಟಕಿಯಲ್ಲಿಟ್ಟೆ. ಬಾಳೆಹಣ್ಣಿನ ಹಾಗೆ ಬಾಗಿತು. ಮಾವಿನ ಗುಣವೂ ಮಾವನ ಗುಣವೂ ಒಂದೇ ಎಂದು ತಿಳಿಯಿತು: ಒಮ್ಮೆ ಮುಖ ತಿರುಗಿಸಿದರೆ ಆಯಿತು, ಮತ್ತೆ ನೇರವಾಗುವುದಿಲ್ಲ.

ಎರಡನೆಯದು ಜಾಲಿ. ಗರಗಸದ ಹಲ್ಲು ಬಿತ್ತು. ಕಟ್ಟಿಗೆಗೆ ಏನೂ ಆಗಲಿಲ್ಲ.

ಈಗ ಹಳೆ ಸಾಮಾನಿನ ಅಂಗಡಿಯಿಂದ ಸಾಗವಾನಿಯ ಕಿಟಕಿ ಬಾಗಿಲಿನ ಪಟ್ಟಿ ತಂದಿದ್ದೇನೆ. ಯಾರ ಮನೆಯದೋ, ಬಿಸಿಲು ಮಳೆಯೆಲ್ಲ ಕಂಡಿದೆ. ಬಾಗುವ ವಯಸ್ಸು ಮುಗಿದಿದೆ.

13 ಜುಲೈ, ಭಾನುವಾರ

ಕೋಲು ಮಾಡುವುದು ಕಷ್ಟವಲ್ಲ. ಅದರ ಹೊಟ್ಟೆಯಲ್ಲಿ ಈ ತುದಿಯಿಂದ ಆ ತುದಿಗೆ ಕೂದಲಿನಂಥ ತಂತಿಗಳು ಹೋಗಬೇಕು. ಅದಕ್ಕೆ ಉದ್ದಕ್ಕೂ ತೂತು ಬೇಕು. ಇಡೀ ವಾರ ಕೊರೆದೆ. ಬೈರಿಗೆ ಅರ್ಧ ದಾರಿ ಹೋಗಿ ಪಕ್ಕೆಯಲ್ಲಿ ಹೊರಬರುತ್ತದೆ. ಮೂರು ಕೋಲು ಹಾಳು. ಕೊರೆಯುವುದೇ ನನ್ನ ವೃತ್ತಿ. ಅದಕ್ಕೇ ಸರ್ಕಾರ ಸಂಬಳ ಕೊಡುತ್ತದೆ. ಆದರೆ ವಿದ್ಯಾರ್ಥಿಗಳು ಮೆತ್ತನೆಯ ಮರ, ಸಾಗವಾನಿ ಹಾಗಲ್ಲ.

20 ಜುಲೈ, ಭಾನುವಾರ

ಹಾಳಾದ ಕೋಲುಗಳನ್ನು ಮಸ್ಕಿಗೆ ಒಯ್ದು ತೋರಿಸಿದೆ, ಕಂಬಕ್ಕೆ. ಗದ್ದಲಪ್ಪ ಅವನ್ನು ಎತ್ತಿ ಒಂದೊಂದರ ತೂತಿಗೂ ಕಣ್ಣಿಟ್ಟು ನೋಡಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

“ಕೊರೀಬ್ಯಾಡ, ಸೀಳು ಅಂತ ಹೇಳು,” ಎಂದರು ಕಂಬಕ್ಕೆ. “ಎರಡು ಹೋಳು ಮಾಡಿ, ನಡುವ ಗೀರು ತೆಗೆದು, ತಂತಿ ಮಲಗಿಸಿ, ಮತ್ತ ಅಂಟ್ಸಬೇಕು. ಆದೀತೋ ಇಲ್ಲೋ ನನಗೂ ಗೊತ್ತಿಲ್ಲ. ಮಾಡಿ ನೋಡಂತ ಹೇಳು.”

ಉದ್ದ ಎಷ್ಟಿರಬೇಕು? ಕೈಯ ಬುಡದ ತಿರುಗಣಿಯಿಂದ ಸೂಜಿಯವರೆಗೆ ಬರಾಬರ್ ಒಂದು ಗೇಣು ಎಂದು ಅವರು ಸ್ನಾನಕ್ಕೆ ಎದ್ದು ಹೋಗುತ್ತ ಹೇಳಿದರು. ಕನಕ ಗಾಳಿಯಲ್ಲಿ ಗೇಣು ಹಾಕಿ ತೋರಿಸಿದಳು. ನಾನು ದಾರ ಹಿಡಿದು ಅಳತೆ ಗಂಟು ಹಾಕಿಕೊಂಡೆ. ಕೆಲಸವೆಂದರೆ ಹೀಗೆ ಅಚ್ಚುಕಟ್ಟಾಗಿರಬೇಕು.

27 ಜುಲೈ, ಭಾನುವಾರ

ಸೀಳಿದೆ, ಗೀರಿದೆ, ತಂತಿ ಮಲಗಿಸಿದೆ, ಅಂಟಿಸಿದೆ. ಬೆರಳಿಗೂ ಅಂಟಿತು. ಕಟ್ಟಿಗೆಯ ಕೈಯನ್ನು ಅಂಗಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದವರು ಏನೆಂದು ಕೇಳಿದರು. “ಕೈ” ಎಂದೆ. ಎದ್ದು ಬೇರೆ ಸೀಟಿಗೆ ಹೋದರು.

ಜೋಡಿಸಿ ಪ್ಲೇಟು ಹಾಕಿದೆವು. ಮೊದಲ ಸಾಲು ಬಂಗಾರದಂತೆ ಬಂತು. ಅತ್ತೆ ಕೈ ಮುಗಿದರು. ಒಳಒಳಗೆ ಹೋದಂತೆ ಸೂಜಿ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿತು. ಪಲ್ಲವಿಯಿಂದ ಹಾರಿ ಕೊನೆಯ ಚರಣಕ್ಕೆ ಬಿತ್ತು. ಮಂಗಳಾರತಿಯ ಹೊತ್ತಿಗೆ ಬಂದ ಬೀಗರಂತೆ.

ಗದ್ದಲಪ್ಪ ಕೈಯ ಪಕ್ಕದಲ್ಲಿ ತಮ್ಮ ಗೇಣಿಟ್ಟರು. ಎರಡು ಬೆರಳು ಗಿಡ್ಡ.

“ಗೇಣು ಅಂದ್ರ ಯಾರ ಗೇಣು ಅಂತ ಕೇಳು,” ಎಂದೆ ಕಂಬಕ್ಕೆ.

“ನನ್ನ ಗೇಣು! ಪ್ಲೇಯರ್ ಯಾರ್ದು? ನಂದು. ಗೇಣೂ ನಂದs!” ಅಂದರು, ಕಂಬ ನಡುಗುವ ಹಾಗೆ.

“ನಾ ನನ್ನ ಗೇಣು ತೋರ್ಸಿದ್ದೆ. ಯಪ್ಪನ ಕೈ ನನಗೆಲ್ಲಿಂದ ಬರ್ಬೇಕು?” ಎಂದಳು ಕನಕ.

“ಎದುರಾಬದುರಾ ಕುಂತು ಮಾತಾಡಿದ್ರ ಒಂದs ಗೇಣಿನ್ಯಾಗ ಮುಗೀತಿತ್ತು,” ಎಂದರು ಅತ್ತೆ. “ಇರ್ಲಿ, ಕೂಸು ಹುಟ್ಲಿ, ಅದರ ಗೇಣೂ ಒಂದು ಕೇಳಿಬಿಡ್ರಿ.”

28 ಜುಲೈ, ಸೋಮವಾರ

ಬೆರಳು ಇನ್ನೂ ಅಂಟಂಟು. ಹಾಜರಿ ಪುಸ್ತಕ ಕೈಬಿಡಲಿಲ್ಲ.

10 ಆಗಸ್ಟ್, ಭಾನುವಾರ

ಮಸ್ಕಿಯಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಬಸ್ ನಿಲ್ದಾಣದೆದುರಿನ ಗುಲ್ಷನ್‌ಬೀಯ ಚಹಾದಂಗಡಿಯಲ್ಲಿ ನಿಂತೆ. ಅಂಗಿಯೊಳಗಿನ ಕೋಲನ್ನು ಅವಳು ನೋಡಿದಳು.

“ಬಾಲಪ್ಪಣ್ಣನ ಮನಿಗೆ ಹೊಂಟೀರೇನ್ರಿ ಸಾಹೇಬ್ರ? ಪ್ಲೇಯರಿಂದೇನು?”

“ಹೌದು. ನಾ ಅವರ ಅಳಿಯ.”

ಅವಳು ಚಹಾ ಸೋಸುವುದನ್ನು ನಿಲ್ಲಿಸಿದಳು. “ಅಳಿಯಾ? ಹಂಗಾರ ಮದುವಿ ಖರೇನs ಆಗೈತಿ?”

“ನಾಲ್ಕು ವರ್ಷಾತು.”

“ಮೈಕ್ ಕೇಳ್ಸಲಿಲ್ಲಲ್ರಿ! ಊರ ಮಂದಿ ಮದುವಿಗೆಲ್ಲ ಹಾರ್ನ್ ಕಟ್ಟೋ ಮನಷ್ಯಾ ತನ್ನ ಮಗಳಿಗೆ ಕಟ್ಲಿಲ್ಲಂದ್ರ ಮಂದಿ ಏನ್ ತಿಳ್ಕೋಬೇಕು? ಹುಡುಗಿ ಓಡಿಹೋಗ್ಯಾಳ, ಅದಕ್ಕs ಬಾಲಪ್ಪ ಸುಮ್ಮಾಗ್ಯಾನ ಅಂದ್ರು. ಈಗ ಬಸುರಿ ಆಗಿ ಬಂದಾಳಲ್ಲ, ಮತ್ತ ಸುರು ಮಾಡ್ಯಾರ. ನಾ ಅನ್ನೂದಲ್ರಿ. ಮಂದಿ.”

“ಮಾವಾರು ಏನಂತಾರ?”

“ಏನಂತಾನ? ದಿನಾ ಎರಡು ಸಲ ಇಲ್ಲಿ ಚಹಾ ಕುಡಿತಿದ್ದಾ. ನಾಲ್ಕು ವರ್ಷಾತು, ಈ ಕಡಿ ಬಂದಿಲ್ಲ.”

ಮಳೆ ನಿಂತಿತ್ತು. ಮನೆಗೆ ಹೋದೆ. ಕನಕ ಗೋಡೆಗೆ ಒರಗಿ ಕಾಲು ಚಾಚಿ ಕೂತು ಸೇಂಗಾ ತಿನ್ನುತ್ತಿದ್ದಳು. ನಿನಗೆ ಗೊತ್ತಿತ್ತೇ ಎಂದು ಕೇಳಿದೆ.

“ನನಗ ಗೊತ್ತಿಲ್ದ ಇರ್ತೈತೇನು?”

“ನನಗ್ಯಾಕ ಹೇಳ್ಲಿಲ್ಲ?”

“ನೀವು ಶಬ್ದ ಸೇರಂಗಿಲ್ಲಲ್ಲ,” ಎಂದಳು, ಸೇಂಗಾದ ಸಿಪ್ಪೆ ಊದುತ್ತ.

11 ಆಗಸ್ಟ್, ಸೋಮವಾರ

ಪಾಠ ಮಾಡಿದೆ. ಬೇಡಿಕೆ, ಪೂರೈಕೆ. ಬರೆಯುವಂಥದ್ದೇನೂ ಇಲ್ಲ.

15 ಆಗಸ್ಟ್, ಶುಕ್ರವಾರ

ಕಾಲೇಜಿನ ಧ್ವಜಾರೋಹಣಕ್ಕೆ ಟೇಪಿನ ಹುಡುಗರು ಬಂದಿದ್ದರು. ಪಟ್ಟಿ ಎಳೆದುಹೋಗಿ ದೇಶಭಕ್ತಿಗೀತೆ ಎಮ್ಮೆ ಕೂಗಿದಂತೆ ಕೇಳುತ್ತಿತ್ತು. ಪ್ರಿನ್ಸಿಪಾಲರ ಭಾಷಣ ನಡೆಯುತ್ತಿರುವಾಗಲೇ ಎದ್ದು ಹೋಗಿ ಸರಿಪಡಿಸಿದೆ. ಹಾರ್ನನ್ನು ಗೋಡೆಗೆ ಮುಖ ಮಾಡಿ ಕಟ್ಟಿದ್ದರು! ಅದನ್ನೂ ಬಿಚ್ಚಿಸಿ ಕಟ್ಟಿಸಿದೆ. ಇಷ್ಟು ತಿಳಿಯದವರು ಈ ಕೆಲಸಕ್ಕೆ ಯಾಕೆ ಇಳಿಯಬೇಕು?

24 ಆಗಸ್ಟ್, ಭಾನುವಾರ

ಬಾಲಪ್ಪನವರೊಡನೆ ಲಿಂಗಸುಗೂರಿಗೆ ಹೋಗಿದ್ದೆ. ಹೊಸ ಕೈ ತಯಾರಾಗಿದೆ. ಈ ಸಲ ಗೇಣಿನ ಗೊಡವೆಗೆ ಹೋಗದೆ, ತಿರುಗಣಿಯಿಂದ ಪ್ಲೇಟಿನ ನಡುಗೂಟದವರೆಗೆ ದಾರ ಎಳೆದು, ಇಬ್ಬರೂ ಒಂದೊಂದು ತುದಿ ಹಿಡಿದು ಅಳೆದೆವು. ಇನ್ನು ಉಳಿದದ್ದು ತೂಕ. ಕೈಯ ಹಿಂದುಗಡೆ ಸೀಸದ ಗುಂಡು ಕಟ್ಟಬೇಕು. ಅದು ಹಿಂದಕ್ಕೆ ಎಳೆದಷ್ಟು ಮುಂದೆ ಸೂಜಿ ಹಗುರ. ಎಷ್ಟು ಹಗುರ ಎಂಬುದೇ ತಕರಾರು. ಇಷ್ಟು ಸಣ್ಣ ತೂಕಕ್ಕೆ ಅಕ್ಕಸಾಲಿಗರ ತಕ್ಕಡಿಯೇ ಆಗಬೇಕು.

ಬಸ್ಸಿನಲ್ಲಿ ಒಂದೇ ಸೀಟು. ಕಂಬ ಇರಲಿಲ್ಲ, ಅವರು ಕಿಟಕಿಯ ಸರಳಿಗೆ ಮಾತಾಡಿದರು, ನಾನು ಮುಂದಿನ ಸೀಟಿನ ಬೆನ್ನಿಗೆ. ಕಂಡಕ್ಟರು, “ಇಬ್ರೂ ಕೂಡಿ ಹೊಂಟೀರೋ, ಬ್ಯಾರೆ ಬ್ಯಾರೆನೋ?” ಎಂದು ಕೇಳಿದ. ನಾವಿಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. ಬಾಲಪ್ಪನವರು ಸರಳಿನ ಕಡೆಗೆ, “ಕೂಡಿ,” ಎಂದರು.

ಅಮರಗುಂಡಪ್ಪ ಹಟ್ಟಿಯ ಗಣಿಯವರಿಗೆಲ್ಲ ಓಲೆ, ಮೂಗುತಿ ಮಾಡಿಕೊಡುವ ಅಕ್ಕಸಾಲಿಗ. ಕಥೆ ಕೇಳಿ ಕನ್ನಡಕ ಹಣೆಗೇರಿಸಿದರು. “ಬಂಗಾರ ತೂಗೀನಿ, ಬೆಳ್ಳಿ ತೂಗೀನಿ. ಹಾಡು ತೂಗಿದ್ದಿಲ್ಲ ನೋಡ್ರಿ.”

“ಸೂಜಿ ಮ್ಯಾಲ ಒಂದು ತೊಲ ಭಾರ ಇರ್ಲಿ. ಭಾರ ಇದ್ರ ಸೂಜಿ ಜಿಗಿಯಂಗಿಲ್ಲ,” ಎಂದರು ಬಾಲಪ್ಪನವರು. ಹಿಂದೆಲ್ಲ ಸೂಜಿ ಕುಣಿದರೆ ತಲೆಯ ಮೇಲೆ ನಾಣ್ಯವನ್ನು ಮೇಣದಿಂದ ಅಂಟಿಸುತ್ತಿದ್ದರಂತೆ. ಅವರ ಪ್ಲೇಟುಗಳು ಉತ್ತ ಹೊಲದ ಹಾಗೆ ಯಾಕಿವೆ ಎಂದು ಈಗ ತಿಳಿಯಿತು.

“ಕಾಲು ತೊಲ ಸಾಕು. ಪ್ಲೇಟ್ ಸವಿತಾವು,” ಎಂದೆ ನಾನು.

“ಹೆಣ್ಣಿನ ಕಡ್ಯಾರು ಒಂದು ತೊಲ ಅಂತಾರ, ಗಂಡಿನ ಕಡ್ಯಾರು ಕಾಲು ತೊಲ ಸಾಕಂತಾರ,” ಎಂದರು ಅಮರಗುಂಡಪ್ಪ. “ಇಂಥ ಉಲ್ಟಾ ಬೀಗರನ್ನ ಈ ಗಾದಿ ಮ್ಯಾಲ ಕುಂತಾಗಿನಿಂದ ನೋಡಿಲ್ರೀ ನಾನು. ಅರ್ಧ ತೊಲ ಮಾಡಿ ಚಹಾ ಕುಡೀರಿ.”

ಕುಡಿದೆವು. ಸೀಸದ ಗುಂಡನ್ನು ಅವರೇ ಎರಕ ಹೊಯ್ದು ಕೊಟ್ಟರು. ವಾಪಸು ಬರುವಾಗ ಬಾಲಪ್ಪನವರು ಕಿಟಕಿಯ ಸೀಟನ್ನು ನನಗೆ ಬಿಟ್ಟು ಈಚೆ ಕೂತರು. ಹೀಗಾಗಿ ಸರಳು ನನ್ನ ಪಾಲಿಗೆ ಬಂತು. ಅವರಿಗೆ ಮಾತಾಡಲು ಏನೂ ಉಳಿಯಲಿಲ್ಲ. ನಿದ್ದೆ ಹೋದರು. ತಲೆ ನನ್ನ ಹೆಗಲ ಮೇಲೆ ಬಿತ್ತು. ಅರ್ಧ ತೊಲಕ್ಕಿಂತ ಜಾಸ್ತಿ ಇತ್ತು. ನಾನು ಅಲುಗಾಡಲಿಲ್ಲ.

7 ಸೆಪ್ಟೆಂಬರ್, ಭಾನುವಾರ

ಕಾಲುವೆಗೆ ನೀರು ಬಿಟ್ಟಿದ್ದಾರೆ. ದಢೇಸುಗೂರಿನಿಂದ ಇಲ್ಲಿಯವರೆಗೆ ಎಲ್ಲಿ ನೋಡಿದರೂ ಭತ್ತದ ಗದ್ದೆ, ನಿಂತ ನೀರು. ಸಿಂಧನೂರಿನ ಗಾಳಿಯನ್ನು ಹಿಂಡಿದರೆ ಒಂದು ಕೊಡ ತುಂಬೀತು. ನನ್ನ ಕಟ್ಟಿಗೆಯ ಕೈ ಇಲ್ಲಿ ಉಬ್ಬುತ್ತದೆ, ತಿರುಗಣಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆರೆದು ಸಡಿಲ ಮಾಡಿ ಮಸ್ಕಿಗೆ ಒಯ್ದರೆ ಅಲ್ಲಿಯ ಒಣ ಹವೆಗೆ ಕುಗ್ಗಿ ಗಿಲಿಗಿಲಿ ಅನ್ನುತ್ತದೆ. ಇಲ್ಲಿಗೆ ಸರಿಯಾದದ್ದು ಅಲ್ಲಿಗೆ ಸರಿಯಿಲ್ಲ. ಈ ಪಾಠವನ್ನು ಅರ್ಥಶಾಸ್ತ್ರದಲ್ಲಿ ವರ್ಷಗಟ್ಟಲೆ ಕೊರೆದಿದ್ದೇನೆ, ಅರ್ಥವಾದದ್ದು ಈಗ.

“ಕೈ ಇಲ್ಲೇ ಇರ್ಲಿ. ಹಾಡೋ ಊರಾಗs ಅದು ಒಣಗ್ಬೇಕು. ಮಾಡೋರು ಇಲ್ಲೇ ಬಂದು ಮಾಡ್ಲಿ ಅಂತ ಹೇಳು,” ಎಂದರು ಬಾಲಪ್ಪನವರು. ಕಂಬ ತಲುಪಿಸಿತು.

ಇನ್ನು ಮೇಲೆ ಗುರುವಾರ ಮಧ್ಯಾಹ್ನ ತರಗತಿ ಇರುವುದಿಲ್ಲ; ಆಗಲೂ ಹೋಗಿಬರಬಹುದು. ಬಸುರಿ ಹೆಂಡತಿಯನ್ನು ನೋಡಿಕೊಂಡು ಬರುವುದು ಗಂಡನ ಧರ್ಮ. ಮರಳು ಕಾಗದ ಮರೆಯಬಾರದು.

19 ಸೆಪ್ಟೆಂಬರ್, ಶುಕ್ರವಾರ

ನಿನ್ನೆ ಹೆಣ್ಣು ಹುಟ್ಟಿತು. ತಾಯಿ, ಮಗಳು ಕ್ಷೇಮ. ನಾನು ಗುರುವಾರದ ಬಸ್ಸಿಗೆ ಹೋಗಿ ಅಲ್ಲೇ ಇದ್ದೆ. ಪಡಸಾಲೆಯಲ್ಲಿ ಕೂತು ಕೈಗೆ ಪಾಲಿಶ್ ಹಚ್ಚುತ್ತಿದ್ದೆ. ಒಳಗಿನಿಂದ ಕೂಗು ಕೇಳಿದೊಡನೆ ಮಾವನವರು ಎದ್ದು ನಿಂತು ಕಿವಿಯ ಹಿಂದೆ ಅಂಗೈಯಿಟ್ಟರು.

“ಹೆಣ್ಣಂತ ಹೇಳು. ದನಿ ಕೇಳಿದ್ರ ಗೊತ್ತಾಗ್ತೈತಿ. ಇದಕ್ಕ ಮೈಕ್ ಬೇಕಾಗಿಲ್ಲಂತ ಹೇಳು.”

“ಮುತ್ಯಾನ ದನಿ ಬಂದೈತಿ ಅಂತ ಹೇಳು,” ಎಂದೆ, ಆಗಷ್ಟೇ ಅಜ್ಜನಾದವರನ್ನು ನೋಡದೆ.

ಅವರ ಕಣ್ಣಲ್ಲಿ ನೀರು ಬಂದಿತ್ತು. ಪಾಪ, ಕಂಬದ ಮುಂದೆಯೂ ತೋರಿಸಿಕೊಳ್ಳಲಿಲ್ಲ.

12 ಅಕ್ಟೋಬರ್, ಭಾನುವಾರ

ಕೈ ಹಾಡಿತು.

ಸೂಜಿಯ ತಲೆಯನ್ನು ಕೂಡಿಸುವಾಗ ಕೊನೆಯದೊಂದು ತಕರಾರು. ನಾನು ನೇರವಾಗಿ ಕೂಡಿಸಿದ್ದೆ. ಮಾವ ಕಂಬಕ್ಕೆ, “ತಲಿ ಒಂಚೂರು ಒಳಕ್ಕ ಬಾಗಿರ್ಬೇಕಂತ ಹೇಳು. ಸೆಟೆದು ನಿಂತ್ರ ಹಾಡು ಹತ್ತಂಗಿಲ್ಲ,” ಎಂದರು. ಅಳಿಯನಿಗೆ ಹೇಳಿದರೋ ಕಟ್ಟಿಗೆಗೆ ಹೇಳಿದರೋ ವಿಚಾರಿಸಲು ಹೋಗಲಿಲ್ಲ. ಬಗ್ಗಿಸಿದೆ.

ಹಾರ್ನು ಕಟ್ಟಿರಲಿಲ್ಲ, ಸಣ್ಣ ಪೆಟ್ಟಿಗೆಯಲ್ಲಿ ಹಾಕಿದೆವು. ಗಣಪತಿಯ ಹಾಡು. ಸೂಜಿ ಹೊರಗಿನ ಗೀರಿನಿಂದ ಒಳಗಿನ ಗೀರಿನವರೆಗೆ, ಬದುವಿನ ಮೇಲೆ ನೀರು ಹೊತ್ತ ಹೆಂಗಸಿನ ಹಾಗೆ, ಎಲ್ಲಿಯೂ ತುಳುಕದೆ ನಡೆಯಿತು. ಹಾಡುವವಳು ಸಾಲು ಎತ್ತುವ ಮುಂಚೆ ಉಸಿರು ಎಳೆದುಕೊಳ್ಳುತ್ತಾಳೆ, ಅದು ಕೇಳಿಸಿತು. ಮಾವ ನನ್ನ ಕಡೆ ನೋಡಿದರು. ಇಷ್ಟು ವರ್ಷ ಅದೇ ಪ್ಲೇಟು ಹಾಕಿದ್ದಾರೆ, ಆ ಉಸಿರನ್ನು ಅವರೂ ಕೇಳಿರಲಿಲ್ಲ. ಎರಡೂ ಮಗ್ಗುಲು ಕೇಳಿದೆವು. ಕಂಬಕ್ಕೆ ಯಾರೂ ಏನೂ ಹೇಳಲಿಲ್ಲ.

ಆದರೆ ನನಗೂ ಏನೂ ಹೇಳಲಿಲ್ಲ. ಹೊರಡುವಾಗ ಕನಕಳನ್ನು ನೋಡಿದೆ.

“ನೋಡೂದು ಲೆಕ್ಕಕ್ಕಿಲ್ಲ. ಮಾತಾಡ್ಬೇಕು,” ಎಂದಳು. ಹಾಲು ಕುಡಿಸುತ್ತಿದ್ದಳು, ಮುಖದಲ್ಲಿ ತಮಾಷೆ ಇತ್ತು, ದನಿಯಲ್ಲಿ ಇರಲಿಲ್ಲ. “ನಾ ಸುಮ್ನ ಆಡಿದ್ದಲ್ರಿ. ನಮ್ಮಪ್ಪ ನಿಮ್ಮ ಜೋಡಿ ಮಾತಾಡ್ದs ನಾ ನಿಮ್ಮ ಹಿಂದ ಬಸ್ ಹತ್ತಿದ್ರ, ಮಂದಿ ಎರಡನೇ ಸಲ ಓಡಿಹೋದ್ಳು ಅಂತಾರ.”

ಸಿಂಧನೂರಿನ ಮನೆ ತೀರ ಸಪ್ಪಗಿದೆ. ಪಕ್ಕದ ಮನೆಯವರು ರೇಡಿಯೋವನ್ನು ಯಾಕೋ ಬಹಳ ಸಣ್ಣಗೆ ಹಾಕುತ್ತಾರೆ. ಜೋರು ಮಾಡಲು ಹೇಳಬೇಕು.

2 ನವೆಂಬರ್, ಭಾನುವಾರ

ದೀಪಾವಳಿ. ಪಟಾಕಿ ಸಾಲದು ಅನ್ನಿಸಿತು. ತೊಟ್ಟಿಲ ಕಾರ್ಯಕ್ಕೆ ಇನ್ನೊಂದು ವಾರ.

9 ನವೆಂಬರ್, ಭಾನುವಾರ
ಮಸ್ಕಿ

ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆನ್ನಿಗೆ ಕಂಬ.

ಬೆಳಿಗ್ಗೆ ಬಂದಾಗ ಮಾವ ಮಾಳಿಗೆಯ ಮೇಲೆ ಹಾರ್ನು ಕಟ್ಟುತ್ತಿದ್ದರು. ನಾನೂ ಹತ್ತಿ ಕೆಳಗಿನಿಂದ ವೈರು ಎಳೆದುಕೊಟ್ಟೆ. ಗಣಪತಿಯ ಹಾಡಿನಿಂದ ಆರಂಭ. ಕಟ್ಟಿಗೆಯ ಕೈಯಿಂದ ಹೊರಟ ಆ ಉಸಿರು ಮಸ್ಕಿಯ ಮೇಲೆಲ್ಲ ಹರಡಿತು. ನಾಲ್ಕು ತಿಂಗಳ ಮೇಲೆ ಬಾಲಪ್ಪನವರ ಮೈಕ್ ಕೇಳಿ ಅಂಗಳ ತುಂಬಿತು. ಗುಲ್ಷನ್‌ಬೀಯೂ ಅಂಗಡಿ ಮುಚ್ಚಿ ಬಂದಿದ್ದಳು. ಬಂದವರು ಕೂಸನ್ನು ನೋಡಿದ್ದಕ್ಕಿಂತ ನನ್ನನ್ನು ನೋಡಿದ್ದೇ ಹೆಚ್ಚು. ಯಾರೋ, “ಇವನs ಏನು?” ಎಂದರು. “ಇದ್ರೂ ಇರಬಹುದು,” ಎಂದರು ಇನ್ಯಾರೋ.

ಹೆಂಗಸರು ತೊಟ್ಟಿಲು ತೂಗಿ ಹಾಡಿದರು, ಕಿವಿಯಲ್ಲಿ ಹೆಸರು ಹೇಳಿದರು. ಆಮೇಲೆ ಆಯೇರಿ. ಮಾವ ಮೈಕ್ ಹಿಡಿದು, ಯಾರ್ಯಾರು ಏನೇನು ತಂದರು ಎಂಬುದನ್ನು ಒಂದೊಂದಾಗಿ ಊರಿಗೆ ಕೂಗಿ ಹೇಳಿದರು: ಇಂಥವರಿಂದ ಕುಂಚಿಗೆ, ಇಂಥವರಿಂದ ಹಿತ್ತಾಳೆಯ ಬಟ್ಟಲು. ನನ್ನ ಹೆಸರು ಬರಲಿಲ್ಲ. ಕೊನೆಯ ಕುಪ್ಪಸವನ್ನೂ ಕೂಗಿಯಾಯಿತು. ಮೈಕನ್ನು ಕೆಳಗಿಟ್ಟು ಪ್ಲೇಟಿನ ಕಡೆ ತಿರುಗಿದರು. ತೊಟ್ಟಿಲ ಪಕ್ಕದಲ್ಲಿ ಕೂತ ಕನಕ ತಲೆ ತಗ್ಗಿಸಿ ಕೂಸಿನ ಬಟ್ಟೆ ಸರಿಮಾಡತೊಡಗಿದಳು. ಸರಿಯಾಗಿಯೇ ಇದ್ದ ಬಟ್ಟೆ.

ನಾನು ಹೋಗಿ ಮೈಕ್ ಎತ್ತಿಕೊಂಡೆ. ದಿನಾ ನೂರು ಜನರ ಮುಂದೆ ಮಾತಾಡುವವನು, ಅದನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದೆ.

“ಮಾನ್ಯರೇ,” ಎಂದೆ. ಅದು ಮಾಳಿಗೆಯ ಮೇಲಿನಿಂದ ನನಗೇ ವಾಪಸು ಬಂತು. “ನಾನು ಯಂಕೋಬ. ಸಿಂಧನೂರು. ನಮ್ಮಲ್ಲಿ ಒಂದು ಮದುವಿ ಐತ್ರಿ. ಮೈಕ್ ಬಾಲಪ್ಪನವರ ಮಗಳು ಚಿರಂಜೀವಿ ಕುಂಕುಮ ಸೌಭಾಗ್ಯವತಿ ಕನಕಮ್ಮನ ಜೋಡಿ ನನ್ನ ಮದುವಿ, ಹೆಣ್ಣಿನ ತಂದಿ ತಾಯಿ ಖುದ್ದು ಬಂದು ಅಕ್ಕಿಕಾಳು ಹಾಕ್ಯಾರ, ಸಿಂಧನೂರಿನ್ಯಾಗ, ನಾಲ್ಕು ವರ್ಷದ ಹಿಂದ ನಡಿತೈತಿ. ಕಾರಣ ತಾವೆಲ್ಲರೂ ಸಹಕುಟುಂಬ ಬಂದು...”

ಅಷ್ಟರಲ್ಲಿ ಹಾರ್ನು ಕಿವಿ ಹರಿಯುವಂತೆ ಕೂಯ್ ಎಂದಿತು. ಕೂಸು ಬೆಚ್ಚಿ ಅತ್ತಿತು. ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

“ಬಾಯಿಗೆ ಅಷ್ಟು ಹತ್ರ ಹಿಡಿಬ್ಯಾಡೋ ಮಾರಾಯ! ಸೀಟಿ ಹೊಡಿತೈತಿ!”

ಮಾವ. ನನಗೆ. ಕಂಬ ಪಡಸಾಲೆಯಲ್ಲಿತ್ತು, ನಾವು ಅಂಗಳದಲ್ಲಿದ್ದೆವು. ಅವರ ಕೈ ನನ್ನ ಕೈಯ ಮೇಲಿತ್ತು, ಮೈಕನ್ನು ಹಿಂದಕ್ಕೆ ಎಳೆಯುತ್ತಿತ್ತು. ಆ ಮಾತೂ ಮೈಕಿನಲ್ಲೇ ಊರಿಗೆಲ್ಲ ಹೋಯಿತು.

ಏನಾಯಿತೆಂದು ಅವರಿಗೆ ತಿಳಿದದ್ದು ಅಂಗಳ ನಕ್ಕಾಗಲೇ. ಕೈ ತೆಗೆಯಲಿಲ್ಲ. “ಒಂದು ಗೇಣು ದೂರ ಇರ್ಬೇಕು,” ಎಂದರು, ಮೆಲ್ಲಗೆ.

“ಯಾರ ಗೇಣ್ರಿ ಮಾವಾರ?”

“ನಿಂದs ಹಿಡಿ. ನಡಿತೈತಿ.”

ಕನಕ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು, “ಮುಂದಿನ ಐತವಾರ ಬಸ್ಸಿಗೆ ಜಲ್ದಿ ಬರ್ರಿ, ಸಾಮಾನ ಭಾಳ ಅದಾವ,” ಎಂದಳು. ಅತ್ತೆ ಮೂಗು ಒರೆಸಿಕೊಂಡರು.

ನನ್ನ ಕೆಲಸ ಮುಗಿಯಿತೆಂದು ಮೈಕನ್ನು ಕೆಳಗಿಡಲು ಹೋದೆ. ಮಾವ ಬಿಡಲಿಲ್ಲ. ಏಣಿಯೇರಿ ಮಾಳಿಗೆಗೆ ಹೋಗಿ, ಹಾರ್ನಿನ ಹಗ್ಗ ಸಡಿಲಿಸಿ, ಅದರ ಮುಖವನ್ನು ಕೆಳಗಿನ ಓಣಿಯ ಕಡೆ ಮಾಡಿ ಕಟ್ಟಿದರು. ಅಲ್ಲಿಂದಲೇ ಕೂಗಿದರು:

“ಈ ಕಡಿ ಮಂದಿಗೆ ಕೇಳ್ಸಿಲ್ಲ. ಇನ್ನೊಮ್ಮಿ ಹೇಳಪಾ.”

ಹೇಳಿದೆ. ಆಮೇಲೆ ಬಸ್ ನಿಲ್ದಾಣದ ಕಡೆ. ಆಮೇಲೆ ಹಳ್ಳದ ಕಡೆ. ಹೀಗೆ ಹಾರ್ನು ಊರಿನ ಎಲ್ಲ ದಿಕ್ಕಿಗೂ ತಿರುಗಿ ಮುಗಿಯುವ ಹೊತ್ತಿಗೆ, ಒಂದೇ ಮಧ್ಯಾಹ್ನದಲ್ಲಿ, ಒಬ್ಬಳೇ ಹೆಂಡತಿಯನ್ನು, ನಾಲ್ಕು ಸಲ ಮದುವೆಯಾದೆ.